ಫ್ರಿಜ್ ತರೂಕಿಂತ ಮೊದಲ ಮೂರನೇ ತೂತು ನೋಡ್ರಿ

ಈ ಸಲ ಸಂಡಿಗಿ-ಹಪ್ಪಳದ ಸುದ್ದಿ ಬಾಜೂಕಿಟ್ಟು ಕರೆಂಟಿನ ಸುದ್ದಿ ಹೇಳತೇನಿ. ಬ್ಯಾಸಗಿ ಬಂತು ಅಂದ್ರ ಈಗೀಗ ನಮ್ಮ ಬಳಗದಾಗ ಒಂದೊಂದ ಮನಿಗೆ ಸಣ್ಣ ಫ್ರಿಜ್ ಬರ್ಲಿಕ್ಕೆ ಹತ್ಯಾವ. ಸೊಂಟದ ಮಟ್ಟ ಎತ್ತರ, ಗಾಜಿನ ಬಾಗಲಾ, ಒಳಗ ಚಂದನ ಲೈಟು. ನೀರಿನ ಬಾಟ್ಲಿ, ಕೋಕಂ ಶರಬತ್ತು, ಲಿಂಬಿಹಣ್ಣಿನ ಪಾನಕ, ಹುಡುಗ್ರು ತರೂ ಬಣ್ಣಬಣ್ಣದ ಬಾಟ್ಲಿ, ಎಲ್ಲಾ ಸಾಲಾಗಿ ನಿಂತಿರ್ತಾವ. ಅಂಗಡ್ಯಾಗ ಇದಕ್ಕ ಮಿನಿ ಬಾರ್ ಅಂತಾರ, ಬೆವರೇಜ್ ಕೂಲರ್ ಅಂತಾರ. ಬಾರ್ ಅಂದ್ರ ನಮ್ಮ ಅತ್ತಿಯವರು ಜಪಮಾಲಿ ನಿಲ್ಲಿಸಿ ಮಾರಿ ನೋಡ್ತಾರ, ಅದಕ್ಕ ನಾವು ಶರಬತ್ತಿನ ಫ್ರಿಜ್ ಅಂತೇವಿ.

ತರಬ್ಯಾಡ್ರಿ ಅಂತ ಹೇಳ್ಲಿಕ್ಕೆ ಬಂದಾಕಿ ಅಲ್ಲ ನಾನು. ಮೇ ತಿಂಗಳ ಬಿಸಲಾಗ ಮನಿಗೆ ಬಂದವ್ರಿಗೆ ತಣ್ಣನ್ನ ಪಾನಕ ಕೊಡೂದು ಒಂದು ಸಂತೋಷ. ದೊಡ್ಡ ಫ್ರಿಜ್ಜಿನ ಬಾಗಲಾ ಹುಡುಗ್ರು ನೀರಿಗಂತ ದಿನಕ್ಕ 40 ಸಲ ತಗದು ಹಾಕೂದು ತಪ್ಪತದ. ಆದ್ರ ನಂದೊಂದು ಗಟ್ಟಿ ಅಭಿಪ್ರಾಯ ಅದ, ಅದನ್ನ ಮೊದಲಿಗೇ ಹೇಳಿಬಿಡ್ತೇನಿ. ಗ್ವಾಡಿಯೊಳಗಿನ ಪ್ಲಗ್ಗಿಗೆ ಖರೇ ಅರ್ಥಿಂಗ್ ಇಲ್ದ ಮನಿಗೆ ಈ ಸಣ್ಣ ಫ್ರಿಜ್ ತರಬಾರದು. ಮೊದಲ ಪ್ಲಗ್ ಪಾಯಿಂಟು, ಆಮ್ಯಾಲ ಫ್ರಿಜ್ಜು. ಮತ್ತ ಈ ವಿಚಾರಣಿ ಮಾಡೂ ಕೆಲಸ ಗಂಡಸ್ರಿಗೆ ಬಿಟ್ಟು ಕೂಡಬಾರದು, ನಾವೇ ಮುಂದ ನಿಂತು ಮಾಡಸಬೇಕು.

ಯಾಕ ಇಷ್ಟು ಬಿಗಿಯಾಗಿ ಹೇಳತೇನಿ ಅಂದ್ರ, ದೊಡ್ಡ ಫ್ರಿಜ್ ತಂದಾಗ ಎಲ್ಲಾರೂ ಹುಷಾರಿರ್ತಾರ. ಜಾಗಾ ಅಳೀತಾರ, ಪ್ಲಗ್ ಎಲ್ಲದ ನೋಡ್ತಾರ, ಸ್ಟೆಬಿಲೈಜರ್ ತರ್ತಾರ. ಸಣ್ಣದು ಬಂದಾಗ ಹಂಗಿಲ್ಲ. ಡಬ್ಬಿ ಒಡದು, ಟೀವಿ ಬಾಜೂಕ ಒಂದು ಮೂಲ್ಯಾಗ ಇಟ್ಟು, ಟೀವಿಗಿ ಹಚ್ಚಿದ ಬೋರ್ಡಿಗೇ ಇದರ ಪಿನ್ನೂ ಹಚ್ಚಿ, "ಆತು ನೋಡು" ಅಂತಾರ. ಆಟಿಗಿ ಸಾಮಾನಿನ ಗತೆ. ಕೇಳಿದ್ರ "ಅದೇನ್ ಮಹಾ ಕರೆಂಟ್ ತಿಂತದ, ಒಂದು ಫ್ಯಾನಿನಷ್ಟು" ಅಂತಾರ.

ಈ ಮಾತು ಅರ್ಧಾ ಖರೇ ಅದ, ಅದಕ್ಕೇ ಅಪಾಯ. ಸಣ್ಣ ಫ್ರಿಜ್ ಓಡೂ ಮುಂದ 60ರಿಂದ 100 ವ್ಯಾಟಿನ ಆಸುಪಾಸು ಎಳೀತದ. ನಮ್ಮ ಮನಿ ಕರೆಂಟು 230 ವೋಲ್ಟು, ಅಂದ್ರ ಅರ್ಧಾ ಆಂಪಿಯರೂ ಆಗಂಗಿಲ್ಲ. ಆದ್ರ ಮನಷ್ಯಾನ ಎದಿಗೆ ಎಷ್ಟು ಸಾಕು ಗೊತ್ತದೇನು? ಆಂಪಿಯರಿನ ಸಾವಿರದಾಗ 30 ಪಾಲು, ಅಂದ್ರ 30 ಮಿಲಿಆಂಪಿಯರ್ ದಾಟಿದ್ರ ಜೀವಕ್ಕ ಅಪಾಯ ಅಂತ ಲೆಕ್ಕ ಹಿಡೀತಾರ. 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 40 ಮಿಲಿಆಂಪಿಯರ್ ಎಳೀತದ. ಅಂದ್ರ ದೇವರಮನ್ಯಾಗ ಉರಿಯೂ ಒಂದು ಬಲ್ಬಿನ ಕರೆಂಟು ಒಂದು ಜೀವಕ್ಕ ಸಾಕು. ಫ್ರಿಜ್ ಸಣ್ಣದು ಅಂತ ಶಾಕು ಸಣ್ಣದಾಗಂಗಿಲ್ಲ. ವೋಲ್ಟು ಅದೇ 230.

ಇನ್ನ ಆ "ಜುಮ್" ಅನ್ನೂ ಸುದ್ದಿಗೆ ಬರ್ತೇನಿ. ಫ್ರಿಜ್ ಮುಟ್ಟಿದ್ರ ಸಣ್ಣಗ ಜುಮ್ ಅಂತದ, ಅದಕ್ಕ ಮುಂದ ಒಂದು ಕಾಲೊರಸಾ ಹಾಕೇವಿ, ಇಲ್ಲಾಂದ್ರ ಚಪ್ಪಲ್ ಹಾಕ್ಕೊಂಡು ಬಾಗಲಾ ತಗೀತೇವಿ ಅಂತ ಎಷ್ಟು ಮನ್ಯಾಗ ಕೇಳೇನಿ ನಾನು. ನಗ್ನಗ್ತಾ ಹೇಳ್ತಾರ, ಮನಿ ಬೆಕ್ಕಿನ ಹಠದ ಗತೆ. ಅಕ್ಕಾ, ಅದು ಫ್ರಿಜ್ಜಿನ ಸ್ವಭಾವ ಅಲ್ಲ. ಅದು ಎಚ್ಚರಿಕೆ. ಒಳಗ ಎಲ್ಲೋ ಕರೆಂಟು ಸ್ವಲ್ಪ ಸೋರಿ ಫ್ರಿಜ್ಜಿನ ತಗಡಿಗೆ ಬಂದು ನಿಂತದ, ಅದಕ್ಕ ಭೂಮಿಗೆ ಹೋಗ್ಲಿಕ್ಕೆ ಹಾದಿ ಸಿಕ್ಕಿಲ್ಲ. ನಿಮ್ಮ ಮೈಯೇ ಹಾದಿ ಆಗೇದ. ಇವತ್ತು ಕೈ ಒಣಗಿತ್ತು, ಕಾಲಾಗ ಚಪ್ಪಲ್ ಇತ್ತು, ಜುಮ್ ಅಂತು. ನಾಳೆ ಪಾತ್ರಿ ತಿಕ್ಕಿದ ಹಸಿ ಕೈಲೆ, ಒರಸಿದ ಹಸಿ ನೆಲದ ಮ್ಯಾಲ ಬರಗಾಲಲೆ ನಿಂತು, ಇನ್ನೊಂದ ಕೈ ನಳದ ಮ್ಯಾಲ ಇಟ್ಟಾಗ ಅದೇ ಸೋರಿಕಿ ಜುಮ್ ಅಂತ ಬಿಡಂಗಿಲ್ಲ. ಚಪ್ಪಲ್ ಹಾಕ್ಕೊಂಡಾಕಿ ನೀವು ಉಳೀಬಹುದು, ಬರಗಾಲಲೆ ಓಡಿ ಬಂದ ಮೊಮ್ಮಗಳು?

ಈಗ ಮೂರನೇ ತೂತಿನ ಮಾತು. ಪ್ಲಗ್ಗಿನ್ಯಾಗ ಕೆಳಗ ಎರಡು ಸಣ್ಣ ತೂತು, ಮ್ಯಾಲ ಒಂದು ದೊಡ್ಡ ತೂತು ಇರ್ತದ. ಕೆಳಗಿನ ಎರಡು ಕರೆಂಟು ಬರೂದು-ಹೋಗೂದು. ಮ್ಯಾಲಿನ ದೊಡ್ಡದು ಅರ್ಥಿಂಗ್. ಫ್ರಿಜ್ಜಿನ ಪಿನ್ನು ನೋಡ್ರಿ, ಮ್ಯಾಲಿನ ಕಡ್ಡಿ ಉಳದ ಎರಡಕ್ಕಿಂತ ಉದ್ದ, ದಪ್ಪ. ಚಂದಕ್ಕ ಹಂಗ ಮಾಡಿಲ್ಲ. ಹಚ್ಚೂ ಮುಂದ ಎಲ್ಲಾಕಿಂತ ಮೊದಲ ಅರ್ಥಿಂಗ್ ಹತ್ತಬೇಕು, ತಗಿಯೂ ಮುಂದ ಎಲ್ಲಾಕಿಂತ ಕಡೀಕ ಬಿಡಬೇಕು ಅಂತ ಮಾಡ್ಯಾರ. ಫ್ರಿಜ್ಜಿನ ಲೋಹದ ಮೈಯಿಂದ ಒಂದು ವಾಯರು ಈ ಕಡ್ಡಿಗೆ ಬಂದಿರ್ತದ. ಕರೆಂಟು ಸೋರಿದ್ರ ಈ ಹಾದೀಲೆ ಭೂಮಿಗೆ ಹೋಗ್ಲಿ, ನಮ್ಮ ಮೈಮ್ಯಾಲೆ ಬರಬಾರದು ಅಂತ.

ಆದ್ರ ತೂತು ಇದ್ದ ಮಾತ್ರಕ್ಕ ಅದರ ಹಿಂದ ವಾಯರ್ ಇರ್ತದ ಅಂತ ತಿಳೀಬ್ಯಾಡ್ರಿ. ಹಳೇ ಮನಿಗಳಾಗ ಬೋರ್ಡಿಗೆ ಮೂರು ತೂತಿನ ಪ್ಲಗ್ ಹಾಕಿ, ಹಿಂದ ಎರಡೇ ವಾಯರ್ ಎಳದು ಬಿಟ್ಟಿರ್ತಾರ. ಇನ್ನ ಕೆಲವು ಕಡೆ ಅರ್ಥಿಂಗ್ ವಾಯರ್ ಒಯ್ದು ಕಬ್ಬಿಣದ ನೀರಿನ ಪೈಪಿಗೆ ಸುತ್ತಿರ್ತಾರ. ಆಮ್ಯಾಲ ಬಚ್ಚಲಮನಿ ರಿಪೇರಿ ಮಾಡ್ಸಿ ಪೈಪು ಪ್ಲಾಸ್ಟಿಕ್ಕಿಗೆ ಬದಲಿ ಆಗಿರ್ತದ. ಪ್ಲಾಸ್ಟಿಕ್ಕಿನ್ಯಾಗ ಕರೆಂಟು ಹರೀತದೇನು? ಅರ್ಥಿಂಗ್ ಅಲ್ಲಿಗೇ ತುಂಡು. ಮನಿ ಮಂದಿಗೆ ಅದರ ಖಬರೇ ಇರಂಗಿಲ್ಲ, ಯಾಕಂದ್ರ ಅರ್ಥಿಂಗ್ ಇಲ್ದನೂ ಫ್ರಿಜ್ ಛಲೋನೇ ಓಡ್ತದ, ನೀರು ತಣ್ಣಗಾಗ್ತದ.

ನಮ್ಮ ಮನ್ಯಾಗ ಮಗಾ ಫ್ರಿಜ್ ತರ್ತೇನಿ ಅಂದಾಗ ನಾನು ಒಂದೇ ಕರಾರು ಹಾಕಿದೆ: ವಾಯರಿಂಗ್ ಮಾಡೂ ಹುಡುಗ ಬಂದು ಪಡಸಾಲಿ ಪ್ಲಗ್ ಬಿಚ್ಚಿ ನೋಡ್ಲಿ, ಆಮ್ಯಾಲ ರೊಕ್ಕ ಕಟ್ಟು. ನಮ್ಮವರು, "ಇಷ್ಟು ವರ್ಷ ಟೀವಿ ನಡದದ, ಇಸ್ತ್ರಿ ನಡದದ, ಈಗೇನ ಹೊಸಾದು ನಿಂದು" ಅಂದ್ರು. ಹುಡುಗ ಬಂದು ಬೋರ್ಡ್ ಬಿಚ್ಚಿದಾ. ಮ್ಯಾಲಿನ ದೊಡ್ಡ ತೂತಿನ ಹಿಂದ ಖಾಲಿ. ಒಂದು ಎಳಿ ವಾಯರೂ ಇಲ್ಲ. ನಮ್ಮವರು ಕನ್ನಡಕ ಏರಿಸಿ ನೋಡಿದ್ರು, ಮಾತಾಡ್ಲಿಲ್ಲ. ಹಿತ್ತಲದಾಗ ಹೊಸಾ ಅರ್ಥಿಂಗ್ ಗುಂಡಿ ತೋಡ್ಸಿ, ಪಡಸಾಲಿಗೂ ಅಡಗಿಮನಿಗೂ ಹಸರು ವಾಯರ್ ಎಳಸಿದ್ವಿ. ಫ್ರಿಜ್ ಮೂರು ವಾರಾ ತಡಾ ಆಗಿ ಬಂತು. ಆ ಮೂರು ವಾರಾ ಹರವಿ ನೀರೇ ಕುಡದ್ವಿ, ಯಾರಿಗೂ ಏನೂ ಆಗ್ಲಿಲ್ಲ.

ಅರ್ಥಿಂಗ್ ಸರಿ ಅದನೋ ಇಲ್ಲೋ ನೋಡೂದು ತಿಳದವ್ರ ಕೆಲಸ, ನಾವು ಕೈ ಹಾಕೂದು ಬ್ಯಾಡ. ಆದ್ರ ಹೆಂಗ ನೋಡ್ತಾರ ಗೊತ್ತಿದ್ರ ಮೋಸ ಹೋಗಂಗಿಲ್ಲ. ಒಂದು ಹಳೇ ನಮೂನಿ ಬಲ್ಬಿಗೆ ಎರಡು ವಾಯರ್ ಕಟ್ಟಿಕೊಂಡು, ಒಂದು ತುದಿ ಕರೆಂಟಿನ ತೂತಿಗೆ, ಇನ್ನೊಂದು ಅರ್ಥಿಂಗ್ ತೂತಿಗೆ ಹಿಡೀತಾರ. ಬಲ್ಬು ಝಗ್ಗ ಅಂತ ಪೂರ್ತಿ ಉರದ್ರ ಹಾದಿ ಛಲೋ ಅದ. ಮಿಣಮಿಣ ಅಂದ್ರ ಹಾದಿ ಕೆಟ್ಟದ. ಉರೀಲಿಲ್ಲ ಅಂದ್ರ ಹಾದೀನೇ ಇಲ್ಲ. ಬರೇ ಟೆಸ್ಟರ್ ಹಚ್ಚಿ "ಎಲ್ಲಾ ಓಕೆ ಅದ ಅಮ್ಮಾ" ಅಂದ್ರ ಒಪ್ಪಬ್ಯಾಡ್ರಿ, ಟೆಸ್ಟರ್ ಕರೆಂಟು ಅದ ಅಂತ ತೋರಸ್ತದ, ಅರ್ಥಿಂಗ್ ಅದ ಅಂತ ತೋರಸಂಗಿಲ್ಲ.

ಹಳೇ ಪದ್ಧತಿ ಗುಂಡಿಯಾಗ ಉಪ್ಪು, ಇದ್ದಲಿ ಹಾಕಿ ತಾಟು ಇಲ್ಲಾ ಪೈಪು ಹುಗದಿರ್ತಾರ. ಆ ಮಣ್ಣು ಹಸಿ ಇದ್ರ ಕರೆಂಟು ಭೂಮಿಗೆ ಸರಳ ಇಳೀತದ. ಬ್ಯಾಸಗ್ಯಾಗ ಮಣ್ಣು ಒಣಗಿ ಬಿರಿತದ, ಅದೇ ಟೈಮಿಗೆ ನಾವು ಫ್ರಿಜ್ ತಂದಿರ್ತೇವಿ. ಅದಕ್ಕ ತುಳಸಿಗೆ ನೀರು ಹಾಕೂ ಮುಂದ ವಾರಕ್ಕೊಂದ ಸಲ ಆ ಗುಂಡಿಗೂ ಒಂದು ಕೊಡ ನೀರು ಹಾಕ್ರಿ. ನಿಮ್ಮ ಮನಿ ಗುಂಡಿ ಎಲ್ಲದ ಅಂತ ಗೊತ್ತಿಲ್ದಿದ್ರ ಇವತ್ತೇ ಕೇಳ್ರಿ. ಮ್ಯಾಲ ಫರಸಿ ಹಾಕಿ ಮುಚ್ಚಿದವ್ರು ಭಾಳ ಮಂದಿ ಇದ್ದಾರ.

"ನಮ್ಮ ಮನ್ಯಾಗ ಎಂಸಿಬಿ ಅದ, ತಾನೇ ಬೀಳ್ತದ" ಅಂತ ಕೆಲವ್ರು ಅಂತಾರ. ಎಂಸಿಬಿ ಇರೂದು ವಾಯರಿನ ಸಲುವಾಗಿ. ವಾಯರ್ ಸುಡಬಾರದು ಅಂತ. 6 ಆಂಪಿಯರಿನ ಎಂಸಿಬಿ ಬೀಳಬೇಕಾದ್ರ 6 ಆಂಪಿಯರಿಗಿಂತ ಹೆಚ್ಚು ಹರೀಬೇಕು. ಮನಷ್ಯಾಗ ಅಪಾಯ ಆಗೂ 30 ಮಿಲಿಆಂಪಿಯರಿನ 200 ಪಟ್ಟು ಅದು. ನೀವು ಒದ್ದಾಡ್ಲಿಕ್ಕೆ ಹತ್ತಿದ್ರೂ ಅದು ಸುಮ್ಮ ಕೂತಿರ್ತದ. ಮನಷ್ಯಾರ ಸಲುವಾಗಿ ಇರೂದು ಬ್ಯಾರೇ, ಅದಕ್ಕ ಆರ್‌ಸಿಸಿಬಿ ಅಂತಾರ, ಕೆಲವ್ರು ಇಎಲ್‌ಸಿಬಿ ಅಂತಾರ. ಮನಿಗೆ 30 ಮಿಲಿಆಂಪಿಯರಿಂದು ಬೇಕು ಅಂತ ಹೇಳಿ ಕೇಳ್ರಿ. ಹೋದ ಕರೆಂಟಿಗೂ ತಿರುಗಿ ಬಂದ ಕರೆಂಟಿಗೂ ಲೆಕ್ಕ ತಪ್ಪಿತು ಅಂದ್ರ, ಎಲ್ಲೋ ಸೋರಲಿಕ್ಕೆ ಹತ್ತೇದ ಅಂತ ತಿಳದು ಕಣ್ಣು ಮುಚ್ಚಿ ತಗಿಯೂದ್ರೊಳಗ ಬಂದ್ ಮಾಡ್ತದ. ಅದರ ಮ್ಯಾಲ ಒಂದು ಸಣ್ಣ ಗುಂಡಿ ಇರ್ತದ, "ಟಿ" ಅಂತ ಬರದಿರ್ತದ. ತಿಂಗಳಿಗೊಂದ ಸಲ ಒತ್ತಿ ನೋಡ್ರಿ, ಟಕ್ ಅಂತ ಬೀಳಬೇಕು. ಬೀಳ್ಲಿಲ್ಲ ಅಂದ್ರ ಅದು ಕೆಟ್ಟದ.

ಅರ್ಥಿಂಗೂ ಬೇಕು, ಇದೂ ಬೇಕು. ಅರ್ಥಿಂಗ್ ಇಲ್ದ ಬರೇ ಆರ್‌ಸಿಸಿಬಿ ಇದ್ರ, ಯಾರರೆ ಮುಟ್ಟಿದ ಮ್ಯಾಲೇ ಅದಕ್ಕ ಗೊತ್ತಾಗ್ತದ. ಅರ್ಥಿಂಗೂ ಇದ್ರ ಸೋರಿದ ಕೂಡ್ಲೇ, ಯಾರೂ ಮುಟ್ಟೂಕಿಂತ ಮೊದಲೇ ಬೀಳ್ತದ. ಮತ್ತ ಆರ್‌ಸಿಸಿಬಿ ಪದೇ ಪದೇ ಬೀಳ್ತದ ಅಂತ ಅದನ್ನೇ ತಗಸಿ ಒಗದವ್ರನ್ನೂ ನೋಡೇನಿ. ಮನಿ ನಾಯಿ ಬೊಗಳ್ತದ ಅಂತ ನಾಯಿ ಹೊರಗ ಹಾಕಿ ಕಳ್ಳನ್ನ ಒಳಗ ಬಿಟ್ಟಂಗ ಅದು.

ಈಗ ಪಿನ್ ಹಚ್ಚೂ ಬೋರ್ಡಿನ ಮಾತು. ಫ್ರಿಜ್ಜಿನ ಪಿನ್ನು ಗ್ವಾಡಿ ಪ್ಲಗ್ಗಿಗೇ ಹತ್ತಬೇಕು, ಎಕ್ಸ್‌ಟೆನ್ಶನ್ ಬೋರ್ಡಿಗೆ ಬ್ಯಾಡ. ಕರೆಂಟು ಸಣ್ಣದಿದ್ರೂ ಫ್ರಿಜ್ ಹಗಲಾ ರಾತ್ರಿ ವರ್ಷಗಟ್ಟಲೆ ಹಚ್ಚಿದ್ದೇ ಇರ್ತದ. ಶುರು ಆಗೂ ಮುಂದ ಪ್ರತಿ ಸಲ ಓಡೂದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿಗೆ ಎಳೀತದ. ಸಡಲ ಬೋರ್ಡಿನ್ಯಾಗ ಪಿನ್ನು ಅಲ್ಲಾಡಿ ಒಳಗ ಕಿಡಿ ಹಾರಿ, ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕ ಬರ್ತದ. ಸೋಫಾದ ಹಿಂದ, ಪರದೆ ಕೆಳಗ ಆಗೂ ಕೆಲಸ ಇದು, ವಾಸನಿ ಬರೂತನಕಾ ಯಾರೂ ನೋಡಂಗಿಲ್ಲ. ಎರಡು ಕಡ್ಡಿ ಜೋಡಣಿ ಪಿನ್ನು ಹಚ್ಚಿ ಮೂರನೇ ಕಡ್ಡಿ ಗಾಳ್ಯಾಗ ಬಿಡೂದು, ಕಡ್ಡಿ ಮುರದು ಹಾಕೂದು ಇವೆರಡು ಮಾತ್ರ ಯಾರ ಮನ್ಯಾಗನೂ ಆಗಬಾರದು. ವಾಯರ್ ಸಣ್ಣದಾತು ಅಂದ್ರ ಪ್ಲಗ್ಗನ್ನ ಫ್ರಿಜ್ಜಿನ ಹಂತೇಕ ತರಸ್ರಿ.

ಜಾಗಾ ಎಲ್ಲಿ ಅನ್ನೂದು ಎರಡನೇ ಮಾತು. ಫ್ರಿಜ್ ಒಳಗಿನ ಬಿಸಿ ತಗದು ಹೊರಗ ಒಗಿಯೂ ಯಂತ್ರ. ಹಿಂದ, ಬಾಜೂಕ ಗಾಳಿ ಆಡ್ಲಿಲ್ಲ ಅಂದ್ರ ಆ ಬಿಸಿ ಅಲ್ಲೇ ಸುತ್ತಿ, ಮಷಿನ್ ನಿಲ್ಲದಂಗ ಓಡ್ತದ. ಎಷ್ಟು ಜಾಗಾ ಬಿಡಬೇಕು ಅಂತ ಅದರ ಜೋಡಿ ಬಂದ ಪುಸ್ತಕದಾಗ ಇರ್ತದ. ಸಾಮಾನ್ಯ ಹಿಂದ ಒಂದು ಗೇಣಿನ ಅರ್ಧಾ, ಅಂದ್ರ 10 ಸೆಂಟಿಮೀಟರ್ ಬಿಡ್ರಿ, ಎರಡೂ ಬಾಜೂಕ ಕೈ ಬೆರಳು ಆಡೂವಷ್ಟು ಬಿಡ್ರಿ. ಶೋಕೇಸಿನ್ಯಾಗ ಬಡಗ್ಯಾರ ಕಡಿಂದ ಖಾನಿ ಮಾಡ್ಸಿ ಒಳಗ ಗಟ್ಟಿ ಕೂಡ್ಸೂದು ಚಂದ ಕಾಣ್ತದ ಖರೇ, ಆದ್ರ ಅದಕ್ಕಂತನ ಮುಂದಿಂದ ಬಿಸಿಗಾಳಿ ಬಿಡೂ ಮಾಡಲ್ ಬ್ಯಾರೇ ಇರ್ತದ. ಬಿಡಿ ನಿಂದರಸೂ ಮಾಡಲ್ ತಂದು ಕಪಾಟಿನ್ಯಾಗ ತುರುಕಬಾರದು. ಮ್ಯಾಲ ಕಸೂತಿ ಅರಿವಿ ಹೊಚ್ಚಿ ಹಿಂದಿನವರೆಗೂ ಇಳಬಿಡೂದೂ ಬ್ಯಾಡ.

ಒಲಿ ಬಾಜೂಕ ಬ್ಯಾಡ, ಪಶ್ಚಿಮದ ಬಿಸಲು ಬೀಳೂ ಖಿಡಕಿ ಮುಂದ ಬ್ಯಾಡ, ನಳ-ಸಿಂಕಿನ ಬುಡಕ ಬ್ಯಾಡ, ಮಳಿ ಇರಚಲು ಬರೂ ಕಟ್ಟಿ ಮ್ಯಾಲ ಬ್ಯಾಡ. ಗ್ಯಾಸ್ ಸಿಲಿಂಡರಿನ ಮಗ್ಗಲಾಗಂತೂ ಬ್ಯಾಡೇ ಬ್ಯಾಡ. ಅಡಗಿ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲದ ಮ್ಯಾಲ ಹರಡ್ತದ. ಸಣ್ಣ ಫ್ರಿಜ್ಜಿನ ಮಷಿನ್ನೂ ನೆಲದ ಮಟ್ಟಕ್ಕೇ ಇರ್ತದ. ಅದು ತಾನೇ ಚಾಲೂ-ಬಂದ್ ಆಗೂ ಮುಂದ ಒಳಗ ಒಂದು ಸಣ್ಣ ಕಿಡಿ ಹಾರಿದ್ರೂ ಸಾಕು.

ಇನ್ನೊಂದು ಮಾತು ಅಂಗಡ್ಯಾವ್ರು ಹೇಳಂಗಿಲ್ಲ, ನೀವೇ ನೋಡಬೇಕು. ಫ್ರಿಜ್ಜಿನ ಹಿಂದಿನ ಇಲ್ಲಾ ಒಳಗಿನ ಚೀಟಿಯಾಗ ಹವಾಮಾನದ ದರ್ಜೆ ಇಂಗ್ಲಿಷ್ ಅಕ್ಷರದಾಗ ಬರದಿರ್ತದ. ಎನ್ ಅಂದ್ರ ಹೊರಗಿನ ಸೆಕಿ 32 ಡಿಗ್ರಿ ತನಕಾ, ಎಸ್‌ಟಿ ಅಂದ್ರ 38 ತನಕಾ, ಟಿ ಅಂದ್ರ 43 ತನಕಾ ಅದು ಸರಿಯಾಗಿ ಕೆಲಸಾ ಮಾಡ್ತದ. ಧಾರವಾಡದಾಗ ಎಸ್‌ಟಿ ನಡದೀತು, ಆದ್ರ ವಿಜಯಪುರ, ಕಲಬುರಗಿ, ರಾಯಚೂರಿನ ಕಡೆ ಬ್ಯಾಸಗ್ಯಾಗ 40 ದಾಟ್ತದ, ಅಲ್ಲಿಯವ್ರು ಟಿ ನೋಡೇ ತಗೋಬೇಕು. ಎನ್ ಅಂತ ಇದ್ದದ್ದು ನಮ್ಮ ಕಡೆ ಏಪ್ರಿಲ್‌ದಾಗೇ ಕೈ ಎತ್ತತದ. ಹಂಗೇ ಕಂಪ್ರೆಸರ್ ಇಲ್ದ, ಭಾಳ ಹಗೂರ, ಭಾಳ ಸೋವಿ ಫ್ರಿಜ್ಜೂ ಬರ್ತಾವ. ಅವು ಹೊರಗಿನ ಸೆಕಿಗಿಂತ 15-20 ಡಿಗ್ರಿ ಅಷ್ಟೇ ಇಳಸ್ತಾವ. ಹೊರಗ 38 ಇದ್ರ ಒಳಗ 20ರ ಆಸುಪಾಸು. ಅದಕ್ಕಿಂತ ಹರವಿ ಮ್ಯಾಲ ಹಸಿ ಅರಿವಿ ಸುತ್ತೂದು ಲೇಸು.

ಅದೇ ಚೀಟಿಯಾಗ ಗ್ಯಾಸಿನ ಹೆಸರೂ ಇರ್ತದ. ಈಗಿನ ಭಾಳಷ್ಟು ಫ್ರಿಜ್ಜಿನ್ಯಾಗ ಆರ್ 600ಎ ಅಂತ ಇರ್ತದ, ಬಾಜೂಕ ಬೆಂಕಿ ಚಿತ್ರ ಇರ್ತದ. ಅದು ಐಸೋಬ್ಯೂಟೇನ್, ಅಡಗಿ ಗ್ಯಾಸಿನ ಬಳಗದ್ದೇ. ಸಣ್ಣ ಫ್ರಿಜ್ಜಿನ್ಯಾಗ ಕೆಲವೇ ಹತ್ತು ಗ್ರಾಂ ಇರ್ತದ, ಪೈಪಿನೊಳಗ ಬಂದೋಬಸ್ತ್ ಇದ್ರ ಹೆದರೂದು ಬ್ಯಾಡ. ಆದ್ರ ಬರ್ಫ ಗಟ್ಟಿ ಆತು ಅಂತ ಈಳಿಗಿ, ಚಾಕೂಲೆ ಕೆತ್ತಬಾರದು. ಪೈಪಿಗೆ ತೂತು ಬಿದ್ದು ಸುಂಯ್ ಅಂದ್ರ ಬಟನ್ ಏನೂ ಮುಟ್ಟದ, ಬೆಂಕಿ-ಊದಬತ್ತಿ ಆರಿಸಿ, ಕಿಡಕಿ ಬಾಗಲಾ ತಗದು ಹೊರಗ ಬರ್ರಿ. ಬರ್ಫ ಕರಗಸಬೇಕಾದ್ರ ಬಂದ್ ಮಾಡಿ, ಬಾಗಲಾ ತಗದು, ಕೆಳಗ ಒಂದು ತಾಟು ಇಡ್ರಿ. ಎರಡು ತಾಸಿನ್ಯಾಗ ಬಹಳಷ್ಟು ತಾನೇ ಕರಗ್ತದ.

ಫ್ರಿಜ್ ಬಂದ ದಿವಸ ಗಡಿಬಿಡಿ ಬ್ಯಾಡ. ಗಾಡ್ಯಾಗ ಅಡ್ಡ ಮಲಗಿಸಿ ತಂದಿದ್ರ ಕಂಪ್ರೆಸರಿನ ಎಣ್ಣಿ ಪೈಪಿಗೆ ಹರದಿರ್ತದ. ನಿಂದರಸಿ ಪುಸ್ತಕದಾಗ ಹೇಳಿದಷ್ಟು ತಾಸು ಬಿಡ್ರಿ, ಅದು ಸಿಗ್ಲಿಲ್ಲ ಅಂದ್ರ ಒಂದು ರಾತ್ರಿ ಬಿಟ್ಟು ಮುಂಜಾನೆ ಹಚ್ರಿ. ನೆಲಾ ಸಪಾಟ ಅದನೋ ಇಲ್ಲೋ ನೋಡ್ರಿ, ಮುಂದಿನ ಕಾಲು ತಿರುವಿ ಮಟ್ಟ ಮಾಡ್ಲಿಕ್ಕೆ ಬರ್ತದ. ಮೇಜಿನ ಮ್ಯಾಲ ಇಡೂದಿದ್ರ ತೂಕದ ಲೆಕ್ಕ ಹಾಕ್ರಿ. ಒಂದು ಲೀಟರ್ ನೀರು ಒಂದು ಕಿಲೋ. 25 ಬಾಟ್ಲಿ ಇಟ್ರ ಫ್ರಿಜ್ಜಿನ ತೂಕದ ಮ್ಯಾಲ ಇನ್ನ 25 ಕಿಲೋ ಬಿತ್ತು. ಪ್ಲೈವುಡ್ಡಿನ ಟೀಪಾಯಿ ತಡಕೋತದೇನು? ಹುಡುಗ್ರು ಬಾಗಲಕ್ಕ ಜೋತು ಬೀಳ್ತಾರ ಅನ್ನೂದೂ ಲೆಕ್ಕದಾಗ ಇರ್ಲಿ. ಮೊದಲ ಖಾಲಿ ಓಡ್ಸಿ, ಪೂರ್ತಿ ತಣ್ಣಗಾದ ಮ್ಯಾಲ ಬಾಟ್ಲಿ ಜೋಡಸ್ರಿ. ಕರೆಂಟು ಹೋಗಿ ಬಂದಾಗ ಐದು ಮಿನಿಟು ತಡದು ಚಾಲೂ ಮಾಡ್ರಿ, ಕೂಡ್ಲೇ ಓಡಸಿದ್ರ ಕಂಪ್ರೆಸರಿಗೆ ಎದಿ ಒತ್ತಿದಂಗ ಆಗ್ತದ. ವೋಲ್ಟೇಜ್ ಏರಿಳಿತ ಇದ್ದ ಓಣ್ಯಾಗ ಈ ತಡಾ ತಾನೇ ಮಾಡೂ ಸ್ಟೆಬಿಲೈಜರ್ ಛಲೋ.

ಒಳಗ ಏನಿಡಬಾರದು ಅನ್ನೂದೂ ಹೇಳತೇನಿ, ಯಾಕಂದ್ರ ಜಾಗಾ ಖಾಲಿ ಕಂಡ್ರ ನಮ್ಮ ಕೈ ಸುಮ್ಮ ಇರಂಗಿಲ್ಲ. ಗಾಜಿನ ಬಾಗಲದ ಈ ಫ್ರಿಜ್ ಕುಡಿಯೂ ಸಾಮಾನಿಗಂತ ಮಾಡಿದ್ದು. ಹಾಲು, ಮಾಡಿದ ಅಡಗಿ 5 ಡಿಗ್ರಿ ಒಳಗ ಇರಬೇಕು, ಇದರೊಳಗ 8-10 ಡಿಗ್ರಿ ಇದ್ರೂ ಬಾಟ್ಲಿ ತಣ್ಣಗೇ ಅನಸ್ತದ, ಹಾಲು ಒಡೀತದ. ಮನ್ಯಾಗ ಸಕ್ಕರಿ ಬ್ಯಾನಿ ಇದ್ದವ್ರ ಇನ್ಸುಲಿನ್ ಇದರೊಳಗ ಇಡಬ್ಯಾಡ್ರಿ. ಅದಕ್ಕ 2ರಿಂದ 8 ಡಿಗ್ರಿ ಬೇಕು. ಬರ್ಫದ ತಗಡಿಗೆ ಹತ್ತಿ ಹೆಪ್ಪುಗಟ್ಟಿತು ಅಂದ್ರ ಕರಗಿದ ಮ್ಯಾಲ ನೋಡ್ಲಿಕ್ಕೆ ಸರಿ ಕಂಡ್ರೂ ಅದನ್ನ ಒಗೀಬೇಕು. ಸೋಡಾದ ಗಾಜಿನ ಬಾಟ್ಲಿ ಬರ್ಫದ ಖಾನ್ಯಾಗ ಇಟ್ರ ಒಡದು ಸಿಡೀತದ.

ಒರಸೂ ಮುಂದ ಬಟನ್ ಬಂದ್ ಮಾಡಿ ಪಿನ್ ಕಿತ್ತು ಒರಸ್ರಿ, ಒಣಗಿದ ಕೈಲೆ ಹಚ್ರಿ. ಆರು ತಿಂಗಳಿಗೊಂದ ಸಲ ಹಿಂದ ಧೂಳಾ ಹೊಡೀರಿ, ಇಲಿ ವಾಯರ್ ಕಡದಾವೇನು ನೋಡ್ರಿ. ಪಂಚಮಿಗೆ ತವರಿಗೆ ಹೊಂಟಾಗ ಖಾಲಿ ಮಾಡಿ, ಪಿನ್ ಕಿತ್ತು, ಬಾಗಲಾ ಒಂದೆರಡು ಬೆರಳು ತಗದು ಬಿಡ್ರಿ, ಬೂಷ್ಟು ಬರಂಗಿಲ್ಲ. ಹಳೇದಾಗಿ ಹಿತ್ತಲಕ್ಕ ಹಾಕೂದಿದ್ರ ಬಾಗಲಾ ಬಿಚ್ಚಿ ಹಾಕ್ರಿ, ಕಣ್ಣಮುಚ್ಚಾಲಿ ಆಡೂ ಹುಡುಗ್ರು ಒಳಗ ಹೊಕ್ಕಾರು.

ಬಾಡಗಿ ಮನ್ಯಾಗ ಇದ್ದವ್ರು ಕೇಳ್ತೀರಿ, "ಮಾಲಕ್ರು ಗ್ವಾಡಿ ಒಡೀಲಿಕ್ಕೆ ಬಿಡಂಗಿಲ್ಲ, ನಾವೇನ ಮಾಡೂಣು?" ಅಂತ. ಗ್ವಾಡಿ ಒಡೀದನೂ ಮ್ಯಾಲಿಂದ ಪ್ಲಾಸ್ಟಿಕ್ ಪಟ್ಟಿಯಾಗ ಅರ್ಥಿಂಗ್ ವಾಯರ್ ಒಯ್ಯಲಿಕ್ಕೆ ಬರ್ತದ. ಮಾಲಕ್ರ ಮುಂದ ಹುಡುಗನ್ನ ಕರಸಿ ಬಲ್ಬ್ ಹಿಡಿಸಿ ತೋರಸ್ರಿ. ಉರೀದ ಬಲ್ಬು ಕಣ್ಣಾರೆ ನೋಡಿದ ಮ್ಯಾಲ ಇಲ್ಲ ಅನ್ನೂದು ಕಠಿಣ. ಅಷ್ಟಾದ್ರೂ ಒಪ್ಪಲಿಲ್ಲ ಅಂದ್ರ ಆ ಮನ್ಯಾಗ ಇರೂತನಕಾ ಈ ಫ್ರಿಜ್ ಬ್ಯಾಡ. ಇದ್ದ ದೊಡ್ಡ ಫ್ರಿಜ್ಜಿಗೂ ಅದೇ ಪ್ಲಗ್ಗು ಅಂದ್ರ ಅದರ ಸಲುವಾಗೇ ಜಗಳಾ ಆಡ್ರಿ. ಈ ಜಗಳಾ ಆಡಬೇಕಾದ್ದೇ.

ಕಡೀಕ, ಇದು ಹೆಣ್ಣಮಕ್ಕಳ ಮಾತು ಯಾಕ ಅಂದೆ ಅಂತ ಹೇಳಿ ಮುಗಸ್ತೇನಿ. ಯಾವ ಫ್ರಿಜ್, ಎಷ್ಟು ಲೀಟರ್, ಎಷ್ಟು ಚುಕ್ಕಿ ಅಂತ ಗಂಡಸ್ರು, ಹುಡುಗ್ರು ಮೊಬೈಲಿನ್ಯಾಗ ನೋಡಿ ತರಸ್ತಾರ. ತರಸ್ಲಿ, ಅವರ ಹೌಸು. ಆದ್ರ ಅದನ್ನ ದಿನಾ ಹಸಿ ಕೈಲೆ ತಗಿಯೂದು ನಾವು. ಅದರ ಬುಡಕ ಹಸಿ ಅರಿವಿ ಹಾಯಸೂದು ನಾವು, ಇಲ್ಲಾ ನಮ್ಮ ಮನಿ ಕೆಲಸಕ್ಕ ಬರೂ ಬಾಯಾರು. ಆಕಿಗೂ ಮನ್ಯಾಗ ಮಕ್ಕಳು ಇದ್ದಾರ. "ನಮಗ ಕರೆಂಟಿಂದು ತಿಳ್ಯಂಗಿಲ್ಲ" ಅಂತ ಹೇಳೂದು ಬಿಡೂಣು. ಹಾಲು ಕೆಟ್ಟದ್ದು ವಾಸನೀಲೆ ಹಿಡಿಯೂ ನಮಗ ಒಂದು ಬಲ್ಬು ಉರೀತೋ ಇಲ್ಲೋ ನೋಡ್ಲಿಕ್ಕೆ ಬರಂಗಿಲ್ಲೇನು? ಹತ್ತು ಹದಿನೈದು ಸಾವಿರ ಕೊಟ್ಟು ಫ್ರಿಜ್ ತರೂ ಮನಿಗೆ ಅದರಾಗ ಸ್ವಲ್ಪ ಪಾಲು ಗ್ವಾಡಿಯೊಳಗ ಹಾಕೂದು ಭಾರ ಆಗಂಗಿಲ್ಲ. ಗ್ವಾಡಿಯೊಳಗ ಹಾಕಿದ್ದು ಯಾರಿಗೂ ಕಾಣಂಗಿಲ್ಲ, ಬಂದವ್ರು "ಚಂದ ಅದ" ಅನ್ನಂಗಿಲ್ಲ, ಅದಕ್ಕೇ ಯಾರೂ ಹಾಕಂಗಿಲ್ಲ. ನಾವು ಹಠಾ ಹಿಡದ್ರ ಹಾಕ್ತಾರ.

ಈ ವಾರಾ ಇಷ್ಟು ಮಾಡ್ರಿ. ಮೇನ್ ಬೋರ್ಡಿನ್ಯಾಗ ಆ "ಟಿ" ಗುಂಡಿ ಅದನೋ ಇಲ್ಲೋ ನೋಡ್ರಿ, ಇದ್ರ ಒತ್ರಿ. ಫ್ರಿಜ್ಜಿನ ಪ್ಲಗ್ಗಿಗೆ ಅರ್ಥಿಂಗ್ ಅದನೋ ಅಂತ ಹುಡುಗನ್ನ ಕರಸಿ ಬಲ್ಬ್ ಹಿಡಿಸ್ರಿ. ಯಾರ ಮನ್ಯಾಗರೆ ಫ್ರಿಜ್ ಜುಮ್ ಅಂತಿದ್ರ, ಇವತ್ತೇ ಮೇನ್ ಬಂದ್ ಮಾಡಿ ಅದರ ಪಿನ್ ಕಿತ್ತಿಡ್ರಿ, ರಿಪೇರಿ ಆಗೂತನಕಾ ಮತ್ತ ಹಚ್ಚಬ್ಯಾಡ್ರಿ. ಎಲ್ಲಾ ಸರಿ ಆದ ಮ್ಯಾಲ ಶರಬತ್ತಿಗೆ ಕರೀರಿ, ಬರ್ತೇನಿ. ಕೋಕಂಗೆ ಒಂಚೂರು ಜೀರಗಿ ಪುಡಿ, ಸೈಂಧವ ಉಪ್ಪು ಹಾಕ್ಲಿಕ್ಕೆ ಮರೀಬ್ಯಾಡ್ರಿ.